ಬಚ್ಚಲಿನ ಗೋಡೆ ಟಿವಿಗೆ ಸೌಂಡ್: ಟೈಲ್ಸ್ ಕೂರಿಸುವ ಮುಂಚೆಯೇ ಮಾಡಬೇಕಾದ ಕೆಲಸ

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಹೊಸ ಮನೆ ಕಟ್ಟುವ ಕೆಲವರು ಈಗ ಬಚ್ಚಲಿನ ಗೋಡೆಯೊಳಗೇ ಟಿವಿ ಕೂರಿಸುತ್ತಿದ್ದಾರೆ. ಜಳಕ ಮಾಡುತ್ತಾ ಬೆಳಗಿನ ಸುದ್ದಿ ಕೇಳಬೇಕು, ಮ್ಯಾಚ್ ಇದ್ದರೆ ಒಂದು ಓವರ್ ಕೂಡ ತಪ್ಪಬಾರದು. ಆಸೆ ಒಳ್ಳೆಯದೇ. ಎಷ್ಟು ಇಂಚು ಬೇಕು, ಆಫ್ ಮಾಡಿದಾಗ ಕನ್ನಡಿ ಥರ ಕಾಣಬೇಕಾ ಅಂತ ಎಲ್ಲರೂ ವಿಚಾರಿಸುತ್ತಾರೆ. ಸೌಂಡಿನ ಯೋಚನೆ ಮಾತ್ರ ಟಿವಿ ಗೋಡೆಗೆ ಹೋದ ಮೇಲೆ ಶುರುವಾಗುತ್ತದೆ. ಅಷ್ಟೊತ್ತಿಗೆ ಟೈಲ್ಸ್ ಕೂತು, ಗ್ರೌಟ್ ಒಣಗಿ, ಒಂದು ವೈರ್ ಎಳೆಯಲೂ ದಾರಿ ಇರುವುದಿಲ್ಲ.

ಬಚ್ಚಲಲ್ಲಿ ಸೌಂಡ್ ಸಾಲುವುದಿಲ್ಲ ಅಂತ ಯಾರಾದರೂ ಹೇಳಿದರೆ, ಒಮ್ಮೆ ಒಳಗೆ ಹೋಗಿ ನಿಂತು ಕೇಳಿ. ಸೌಂಡ್ ಬೇಕಾದಷ್ಟು ಇರುತ್ತದೆ. ಮಾತು ಮಾತ್ರ ಅರ್ಥವಾಗುವುದಿಲ್ಲ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆಗೆ ಅದರ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಹಾಗಾಗಿ ದೊಡ್ಡ ಆಂಪ್ (ಸೌಂಡಿಗೆ ಬಲ ಕೊಡುವ ಆಂಪ್ಲಿಫೈಯರ್), ದೊಡ್ಡ ಸ್ಪೀಕರ್ ತಂದರೆ ತೊಂದರೆ ಹೋಗುವುದಿಲ್ಲ. ಮೊದಲು ಕೋಣೆಯನ್ನು ಸರಿ ಮಾಡಬೇಕು.

ಕೋಣೆಯ ಲೆಕ್ಕ

ನಮ್ಮ ಕಡೆಯ ಒಂದು ಸಾಮಾನ್ಯ ಬಚ್ಚಲು ತಗೊಳ್ಳಿ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಮೀಟರಿನಲ್ಲಿ ಸುಮಾರು 2.4, 1.8, 2.7. ಗೋಡೆಗೆ ಟೈಲ್ಸ್, ನೆಲಕ್ಕೆ ಗ್ರಾನೈಟ್, ಮೇಲೆ ಆರ್‌ಸಿಸಿ. ಇಂಥ ಗಟ್ಟಿ ಮೈಗಳು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಪಾಲು ಹೀರಿಕೊಂಡರೆ ಹೆಚ್ಚು. ಮಿಕ್ಕಿದ್ದೆಲ್ಲ ವಾಪಸ್ ಬರುತ್ತದೆ. ಪ್ರತಿಧ್ವನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಲೆಕ್ಕ ಹಾಕುವ ಸೇಬಿನ್ ಸೂತ್ರ ಹಾಕಿ ನೋಡಿದರೆ ಖಾಲಿ ಬಚ್ಚಲಲ್ಲಿ ಒಂದು ಶಬ್ದ ಪೂರ್ತಿ ಅಡಗಲು, ಅಂದರೆ 60 ಡೆಸಿಬಲ್ ಇಳಿಯಲು, ಸುಮಾರು 3 ಸೆಕೆಂಡ್ ಬೇಕು. ಒಳಗೆ ಒಬ್ಬರು ನಿಂತರೆ ಅದು 1.7 ಸೆಕೆಂಡಿನ ಹತ್ತಿರ ಬರುತ್ತದೆ, ಯಾಕೆಂದರೆ ನಮ್ಮ ಮೈಯೂ ಶಬ್ದ ಹೀರುತ್ತದೆ. ಸೋಫಾ, ಪರದೆ ಇರುವ ಹಾಲಿನಲ್ಲಿ ಇದು ಅರ್ಧ ಸೆಕೆಂಡಿನ ಆಸುಪಾಸು ಇರುತ್ತದೆ.

ಇನ್ನೊಂದು ತೊಂದರೆ ಇದೆ. ಇಷ್ಟು ಚಿಕ್ಕ ಕೋಣೆಯಲ್ಲಿ ಕೆಲವು ದಪ್ಪ ಸ್ವರಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ಊದಿಕೊಳ್ಳುತ್ತವೆ. ಮೇಲಿನ ಅಳತೆಗೆ ಅವು 64, 71, 95 ಹರ್ಟ್ಸ್ ಹತ್ತಿರ ಬೀಳುತ್ತವೆ. ಗಂಡಸರ ದಪ್ಪ ದನಿಯ ಬುಡ ಇರುವುದೂ 100 ಹರ್ಟ್ಸ್ ಆಸುಪಾಸಿನಲ್ಲೇ. ಹೆಣ್ಣುಮಕ್ಕಳು ಸುದ್ದಿ ಓದಿದರೆ ತಿಳಿಯುತ್ತದೆ, ಗಂಡಸರು ಓದಿದರೆ ಬರೀ ಗುಂಯ್ ಅನ್ನುತ್ತದೆ ಅನ್ನುವ ದೂರು ಬರುವುದು ಇದರಿಂದ.

ಹಾಗಾದರೆ ಏನು ಮಾಡಬೇಕು? ಫಾಲ್ಸ್ ಸೀಲಿಂಗ್ ಹಾಕಿಸುವ ಯೋಚನೆ ಇದ್ದರೆ ಬಚ್ಚಲಿಗೂ ಹಾಕಿಸಿ. ತೆಳು ಪಿವಿಸಿ ಪ್ಯಾನೆಲ್ ಮತ್ತು ಅದರ ಮೇಲಿನ ಗಾಳಿಯ ಜಾಗ ಸೇರಿ ದಪ್ಪ ಸ್ವರಗಳನ್ನು ಸ್ವಲ್ಪ ನುಂಗುತ್ತವೆ. ಇನ್ನೂ ಒಳ್ಳೆಯದು ಬೇಕಂದರೆ ತೂತು ತೂತಿನ ಅಲ್ಯೂಮಿನಿಯಂ ಪ್ಯಾನೆಲ್ ಹಾಕಿಸಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಗ್ಲಾಸ್‌ವುಲ್ ಇಡಿಸಿ. ಇದು ಮಾತಿನ ಸ್ವರಗಳನ್ನೂ ಹೀರುತ್ತದೆ. ಸಾದಾ ಪಿಒಪಿ ಬೇಡ, ಹಬೆಗೆ ಉಬ್ಬುತ್ತದೆ. ಜಿಪ್ಸಂ ಬೋರ್ಡೇ ಬೇಕಿದ್ದರೆ ತೇವ ತಡೆಯುವ ಹಸಿರು ಬೋರ್ಡ್ ಕೇಳಿ.

ಖರ್ಚಿಲ್ಲದ ಉಪಾಯ ಎಂದರೆ ದಪ್ಪ ಹತ್ತಿ ಟವೆಲ್. ಮಡಚಿ ಶೆಲ್ಫಿನಲ್ಲಿ ಇಡಬೇಡಿ. ಷವರ್‌ನಿಂದ ದೂರ, ಅಗಲವಾಗಿ ಬಿಡಿಸಿ ಎರಡು ಟವೆಲ್ ನೇತುಹಾಕುವಂತೆ ಎರಡು ರಾಡ್ ಹಾಕಿಸಿ. ಟೈಲ್ಸ್ ಗೋಡೆಯ ಬಚ್ಚಲಲ್ಲಿ ಪ್ರತಿಧ್ವನಿ ಇದರಿಂದಲೇ ಅರ್ಧದ ಹತ್ತಿರ ಇಳಿಯುತ್ತದೆ. ನಂಬಿಕೆ ಬರದಿದ್ದರೆ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ಟವೆಲ್ ಹಾಕಿ ಮತ್ತೆ ತಟ್ಟಿ.

ನೀರು, ಕರೆಂಟು

ಇದರಲ್ಲಿ ರಾಜಿ ಬೇಡ. ಒದ್ದೆ ಮೈಗೆ 230 ವೋಲ್ಟ್ ತಗುಲಿದರೆ ಜೀವಕ್ಕೇ ಅಪಾಯ.

ಬಚ್ಚಲಿನ ವೈರಿಂಗ್‌ಗೆ ಅಂತರರಾಷ್ಟ್ರೀಯ ನಿಯಮ ಕೋಣೆಯನ್ನು ವಲಯಗಳಾಗಿ ಹಂಚುತ್ತದೆ. ನಮ್ಮ ಮನೆಗಳಲ್ಲಿ ಟಬ್ ಕಮ್ಮಿ. ನೆಲಕ್ಕೇ ನೀರು ಬೀಳುವ ಷವರ್ ಜಾಸ್ತಿ. ಅಂಥ ಕಡೆ ಷವರ್ ಬಾಯಿಯಿಂದ ಸುತ್ತಲೂ 1.2 ಮೀಟರ್, ನೆಲದಿಂದ 2.25 ಮೀಟರ್ ಎತ್ತರದ ತನಕ ಒದ್ದೆ ವಲಯ ಅಂತ ಲೆಕ್ಕ. ಷವರ್ ಅದಕ್ಕಿಂತ ಮೇಲಿದ್ದರೆ ಷವರ್‌ನ ಎತ್ತರದ ತನಕ. ಟಬ್ ಇದ್ದರೆ ಅದರ ಅಂಚಿನಿಂದ ಇನ್ನೂ 60 ಸೆಂ.ಮೀ. ಎಚ್ಚರಿಕೆಯ ಜಾಗ. ಬಕೆಟ್, ಚೊಂಬಿನಲ್ಲಿ ಜಳಕ ಮಾಡುವವರು ಬಕೆಟ್ ಇಡುವ ಜಾಗದ ಸುತ್ತಲೂ ಇದೇ ಅಳತೆ ಹಿಡಿಯುವುದು ಒಳ್ಳೆಯದು, ಅಲ್ವಾ? ಚೊಂಬಿನ ನೀರು ಷವರ್‌ಗಿಂತ ದೂರ ಹಾರುತ್ತದೆ.

ಈ ವಲಯದೊಳಗೆ ಪ್ಲಗ್ ಪಾಯಿಂಟ್ ಬೇಡ, ಆಂಪ್ ಬೇಡ, ಸೌಂಡ್‌ಬಾರ್ ಬೇಡ. ಬಚ್ಚಲಿಗೆಂದೇ ಮಾಡಿದ ಟಿವಿಗಳಲ್ಲಿ ಹಲವು 12 ವೋಲ್ಟ್ ಡಿಸಿಯಲ್ಲಿ ಓಡುತ್ತವೆ. ಅಂಥದ್ದನ್ನೇ ಆರಿಸಿ, ಅಡಾಪ್ಟರ್ ಬಚ್ಚಲಿನ ಹೊರಗಿರಲಿ. ಟಿವಿಯ ಮುಂಭಾಗದ ಐಪಿ ಗುರುತು, ಅಂದರೆ ದೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಐಪಿ65 ಅಥವಾ ಅದಕ್ಕೂ ಮೇಲಿರಲಿ. ಸ್ಪೀಕರ್‌ಗೆ ಕೊನೆಪಕ್ಷ ಐಪಿಎಕ್ಸ್4 ಬೇಕು, ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯಬೇಕು.

ಬಚ್ಚಲಿನ ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಲೇಬೇಕು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ, ಟ್ರಿಪ್ ಆಗುತ್ತದಾ ನೋಡಿ. ಅರ್ತಿಂಗ್ ಬಗ್ಗೆಯೂ ಒಂದು ಮಾತು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಕಲ್ಲು ನೆಲದಲ್ಲಂತೂ ತೇವವೇ ನಿಲ್ಲುವುದಿಲ್ಲ. ಅರ್ತ್ ಗುಂಡಿ ಒಣಗಿದರೆ ಅರ್ತಿಂಗ್ ಇದ್ದೂ ಇಲ್ಲದಂತೆ. ಫೆಬ್ರವರಿಯಿಂದ ಮಳೆ ಬರುವ ತನಕ ಅದಕ್ಕೆ ತಪ್ಪದೆ ನೀರು ಹಾಕಿ. ಈ ಭಾಗದ ಕೆಲಸವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಟಿವಿಯ ಬೆನ್ನು ನೋಡಿ ಕೊಂಡುಕೊಳ್ಳಿ

ಬಚ್ಚಲು ಟಿವಿಯ ಸ್ವಂತ ಸ್ಪೀಕರ್ ಮೇಲೆ ಭರವಸೆ ಇಡಬೇಡಿ. ನೀರು ಹೋಗಬಾರದೆಂದು ಎಲ್ಲ ಕಡೆ ಮುಚ್ಚಿರುತ್ತಾರೆ, ಮೇಲೆ ಗೋಡೆಯ ಗೂಡಿನೊಳಗೆ ಕೂರಿಸುತ್ತೇವೆ. ಸೌಂಡ್ ಹೊರಗೆ ಬರುವುದೇ ಕಷ್ಟ. ಕೊಳ್ಳುವ ಮುಂಚೆ ಹಿಂಭಾಗದಲ್ಲಿ ಏನೇನು ಸಾಕೆಟ್ ಇದೆ ಅಂತ ಫೋಟೊ ತರಿಸಿಕೊಳ್ಳಿ. ಒಮ್ಮೆ ಕೂತ ಮೇಲೆ ಆ ಬೆನ್ನು ಮತ್ತೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ.

ಸ್ಪೀಕರ್ ಟರ್ಮಿನಲ್ ಇದ್ದರೆ ಅದೇ ಎಲ್ಲಕ್ಕಿಂತ ಸುಲಭ. ಟಿವಿಯೊಳಗೇ ಚಿಕ್ಕ ಆಂಪ್ ಇರುತ್ತದೆ. ಚಾನೆಲ್‌ಗೆ 10 ವ್ಯಾಟ್, 8 ಓಮ್ ಅಂತ ಬರೆದಿದ್ದರೆ ಮೇಲೆ ಹೇಳಿದ ಬಚ್ಚಲಿಗೆ ಧಾರಾಳ ಸಾಕು. 8 ಓಮ್ ಸ್ಪೀಕರ್ ನೇರ ಸೇರಿಸಿ. ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ. ಒಂದೇ ಚಾನೆಲ್‌ಗೆ ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಕೊಡಬೇಡಿ, ಅದು 4 ಓಮ್ ಆಗಿ ಆಂಪ್ ಬಿಸಿಯಾಗುತ್ತದೆ. ಎಡ, ಬಲ ಚಾನೆಲ್‌ಗಳ ಮೈನಸ್ ವೈರ್ ಎರಡನ್ನೂ ಒಟ್ಟು ಸೇರಿಸಲೂಬೇಡಿ. ಈ ಚಿಕ್ಕ ಆಂಪ್‌ಗಳಲ್ಲಿ ಬಹಳಷ್ಟಕ್ಕೆ ಮೈನಸ್ ಕೂಡ ಜೀವಂತ ಔಟ್‌ಪುಟ್ಟೇ. ಸೇರಿಸಿದರೆ ಚಿಪ್ ಸುಡುತ್ತದೆ. ವೈರ್ ಉಳಿಸಲು ಮೂರೇ ಎಳೆಯಲ್ಲಿ ಮುಗಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಟರ್ಮಿನಲ್ ಇಲ್ಲದೆ 3.5 ಎಂಎಂ ಹೆಡ್‌ಫೋನ್ ಸಾಕೆಟ್ ಇದ್ದರೆ, ಅಲ್ಲಿಂದ ಹೊರಗಿನ ಚಿಕ್ಕ ಆಂಪ್‌ಗೆ ಕೊಡಬಹುದು. ಇಲ್ಲೂ ಟಿವಿ ರಿಮೋಟೇ ಕೆಲಸ ಮಾಡುತ್ತದೆ. ಎಚ್‌ಡಿಎಂಐ ಎಆರ್‌ಸಿ, ಅಂದರೆ ಎಚ್‌ಡಿಎಂಐ ವೈರಿನಲ್ಲೇ ಟಿವಿಯ ಸೌಂಡ್ ಆಂಪ್‌ಗೆ ಹೋಗುವ ಏರ್ಪಾಡು ಇದ್ದರೆ ಇನ್ನೂ ಚೆನ್ನ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದಲೂ ಈ ಸೌಲಭ್ಯ ಇದೆ. ಟಿವಿ ಮೆನುವಿನಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಉಪಕರಣ ಇನ್ನೊಂದನ್ನು ನಡೆಸುವ ಸೌಲಭ್ಯ) ಆನ್ ಮಾಡಿದರೆ ಒಂದೇ ರಿಮೋಟಿಗೆ ಟಿವಿ, ಆಂಪ್ ಎರಡೂ ಓಗೊಡುತ್ತವೆ. ಬರೀ ಆಪ್ಟಿಕಲ್ (ಬೆಳಕಿನ ಮೂಲಕ ಸೌಂಡ್ ಕಳಿಸುವ) ಸಾಕೆಟ್ ಇರುವ ಟಿವಿಯಲ್ಲಿ ಮಾತ್ರ ಎಚ್ಚರ. ಆಪ್ಟಿಕಲ್‌ನಲ್ಲಿ ಸೌಂಡ್ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಹೊರಬರುತ್ತದೆ. ವಾಲ್ಯೂಮ್ ಬದಲಿಸಬೇಕಂದರೆ ಆಂಪ್ ರಿಮೋಟ್ ಬೇಕು. ಆಂಪ್ ಇರುವುದು ಹೊರಗೆ, ನೀವಿರುವುದು ಸೋಪು ಹಚ್ಚಿಕೊಂಡು ಒಳಗೆ.

ಬ್ಲೂಟೂತ್ ಸ್ಪೀಕರ್ ಸಾಕಲ್ವಾ ಅಂತ ಕೇಳುವವರು ಜಾಸ್ತಿ. ರೇಡಿಯೊ ಕೇಳಲು, ಹಾಡಿಗೆ ಸಾಕು. ಟಿವಿಗೆ ನಾನು ಬೇಡ ಅನ್ನುತ್ತೇನೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸೌಂಡ್ 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಮಾತು ತುಟಿಗಿಂತ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಟಿವಿ ಮೆನುವಿನ ಆಡಿಯೊ ಡಿಲೇ ಸಾಮಾನ್ಯವಾಗಿ ಸೌಂಡನ್ನು ಇನ್ನೂ ತಡ ಮಾಡುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ. ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ ಅನ್ನುವವರು ಟಿವಿ ಮತ್ತು ಸ್ಪೀಕರ್ ಎರಡರಲ್ಲೂ ತಡ ಕಮ್ಮಿ ಮಾಡುವ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅನ್ನುವ ಬ್ಲೂಟೂತ್ ವಿಧಾನ ಇದೆಯಾ ಅಂತ ನೋಡಿ ತಗೊಳ್ಳಿ. ಅದರಲ್ಲಿ ತಡ 40 ಮಿಲಿಸೆಕೆಂಡ್ ಆಸುಪಾಸು.

ಪೈಪು, ವೈರು

ಗೋಡೆ ಕಟಿಂಗ್ ಹೊಡೆಯುವ ದಿನ ನೀವು ಅಲ್ಲೇ ಇರಿ. ಟಿವಿ ಗೂಡಿನಿಂದ ಆಂಪ್ ಇಡುವ ಜಾಗಕ್ಕೆ ಒಂದು ಪೈಪ್, ಅಲ್ಲಿಂದ ಪ್ರತಿ ಸ್ಪೀಕರ್ ಜಾಗಕ್ಕೆ ಒಂದೊಂದು ಪೈಪ್. ಟಿವಿ ಟರ್ಮಿನಲ್‌ನಿಂದ ನೇರ ಸ್ಪೀಕರ್‌ಗೆ ಹೋಗುವುದಾದರೂ ಹೊರಗಿನ ಜಾಗಕ್ಕೆ ಒಂದು ಖಾಲಿ ಪೈಪ್ ಬಿಡಿಸಿ. ನಾಳೆ ಟಿವಿ ಬದಲಾದರೆ ಅದೇ ಕಾಪಾಡುತ್ತದೆ.

ಪೈಪಿನ ಸೈಜ್ ವಿಷಯದಲ್ಲಿ ಮೇಸ್ತ್ರಿಗಳು 25 ಎಂಎಂ ಸಾಕು ಅನ್ನುತ್ತಾರೆ. ಸ್ಪೀಕರ್ ವೈರ್‌ಗೆ ಸಾಕು, ಹೌದು. ಎಚ್‌ಡಿಎಂಐ ತಲೆ ಮಾತ್ರ ಪ್ಲಾಸ್ಟಿಕ್ ಕವಚ ಸೇರಿ 20 ಎಂಎಂ ಆಸುಪಾಸು ಅಗಲ ಇರುತ್ತದೆ. ನೇರ ಪೈಪಿನಲ್ಲಿ ಹೇಗೋ ತೂರಿದರೂ ಮೊದಲ ಬೆಂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಟಿವಿ ಮತ್ತು ಆಂಪ್ ನಡುವಿನ ಪೈಪ್ 40 ಎಂಎಂ ಇರಲಿ, ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿಸಿ, ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಅದೇ ಪೈಪಿನಲ್ಲಿ ಒಂದು ಕ್ಯಾಟ್6 ಇಂಟರ್ನೆಟ್ ವೈರನ್ನೂ ಎಳೆದುಬಿಡಿ. ಟೈಲ್ಸ್ ಗೋಡೆ ದಾಟಿ ವೈಫೈ ಸರಿಯಾಗಿ ಬರದಿದ್ದರೆ ಉಪಯೋಗಕ್ಕೆ ಬರುತ್ತದೆ.

ಸ್ಪೀಕರ್ ವೈರ್ 1.5 ಚದರ ಎಂಎಂ ತಾಮ್ರದ್ದು. 10 ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ಎಳೆ ಸೇರಿ ಅದರ ತಡೆ ಕಾಲು ಓಮ್ ಅಷ್ಟೇ, 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ಇದಕ್ಕಿಂತ ದುಬಾರಿ ವೈರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಗೀಸರ್ ಲೈನಿನ ಪಕ್ಕದಲ್ಲೇ ಓಡಿಸಬೇಡಿ. ಒಂದು ಅಡಿ ದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಪ್ಲಾಸ್ಟರ್ ಬೀಳುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ಟವೆಲ್ ರಾಡಿಗೆ ಡ್ರಿಲ್ ಹೊಡೆಯುವವರಿಗೆ ಈ ಫೋಟೊ ಬೇಕೇ ಬೇಕು.

ವೈರ್ ಸರಿಯಿದೆಯಾ ಅಂತ ನೋಡಲು ಒಂದು ಹಳೆಯ ಉಪಾಯ ಇದೆ. ಸ್ಪೀಕರನ್ನು ಒಂದು ತುದಿಗೆ ಸೇರಿಸಿ, ಇನ್ನೊಂದು ತುದಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಟಪ್ ಅಂತ ಸದ್ದು ಬಂದರೆ ವೈರ್ ಜೀವಂತ ಇದೆ. ಆಗ ಸ್ಪೀಕರಿನ ಕೋನ್ ಮೇಲೆ ಬೆರಳ ತುದಿ ಹಗುರವಾಗಿ ಇಟ್ಟಿರಿ. ಸೆಲ್ಲಿನ ಪ್ಲಸ್ ಸ್ಪೀಕರ್ ಪ್ಲಸ್‌ಗೆ ಹೋಗಿದ್ದರೆ ಕೋನ್ ನಿಮ್ಮ ಬೆರಳನ್ನು ಹೊರಕ್ಕೆ ನೂಕುತ್ತದೆ. ಒಳಕ್ಕೆ ಸರಿದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಎರಡು ಸ್ಪೀಕರ್ ಇದ್ದಾಗ ಒಂದು ಮಾತ್ರ ಉಲ್ಟಾ ಇದ್ದರೆ ಮಾತು ಎರಡರ ನಡುವಿನಿಂದ ಬಂದಂತೆ ಅನ್ನಿಸುವುದಿಲ್ಲ, ಟೊಳ್ಳಾಗಿ ಕೇಳುತ್ತದೆ. ಇದನ್ನು ಟೈಲ್ಸ್ ಕೂರಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿ ನೋಡಿ. ಟೈಲ್ಸ್ ಕೆಲಸದಲ್ಲಿ ವೈರ್‌ಗೆ ಮೊಳೆ, ಕಟರ್ ತಾಗುವುದುಂಟು.

ಸ್ಪೀಕರ್ ಯಾವುದು, ಎಲ್ಲಿ

ಕಾಗದದ ಕೋನ್ ಬೇಡ, ಹಬೆಗೆ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಕೋನ್, ಸುತ್ತ ರಬ್ಬರ್ ಅಂಚು, ತುಕ್ಕು ಹಿಡಿಯದ ಜಾಲರಿ ಇರುವ ಸೀಲಿಂಗ್ ಸ್ಪೀಕರ್ ಕೇಳಿ. ಐದೂಕಾಲು ಅಥವಾ ಆರೂವರೆ ಇಂಚು ಸಾಕು. ಎಂಟು ಇಂಚಿನದು ಈ ಕೋಣೆಗೆ ಗುಂಯ್ ಅನ್ನುವುದನ್ನು ಇನ್ನಷ್ಟು ಸೇರಿಸುತ್ತದೆ, ಅಷ್ಟೇ. ಸಬ್‌ವೂಫರ್ ಮಾತೇ ಬೇಡ.

ಎಂಟಡಿ, ಆರಡಿ ಬಚ್ಚಲಿಗೆ ಒಂದೇ ಸ್ಪೀಕರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಡ, ಬಲ ಎರಡೂ ಚಾನೆಲ್ ತಗೊಳ್ಳುವ, ಒಳಗೆ ಎರಡು ಟ್ವೀಟರ್ (ತೆಳು ಸ್ವರಗಳ ಚಿಕ್ಕ ಸ್ಪೀಕರ್) ಇರುವ ಸಿಂಗಲ್ ಸ್ಟೀರಿಯೊ ಸ್ಪೀಕರ್ ಸಿಗುತ್ತದೆ. ಬಳ್ಳಾರಿ, ರಾಯಚೂರಿನ ಅಂಗಡಿಯಲ್ಲಿ ಇಲ್ಲದಿದ್ದರೆ ಆರ್ಡರ್ ಹಾಕಿಸಿ, ಕಾಯುವುದು ವ್ಯರ್ಥವಲ್ಲ. ಜಾಗ: ಒಣ ಭಾಗದ ಮೇಲೆ, ನೀವು ನಿಲ್ಲುವ ಜಾಗಕ್ಕೂ ಟಿವಿಗೂ ನಡುವೆ. ಷವರ್ ನೆತ್ತಿಯ ಮೇಲೆ ಬೇಡ, ಹಬೆಯೆಲ್ಲ ಅಲ್ಲಿಗೇ ಏರುತ್ತದೆ. ಎಕ್ಸಾಸ್ಟ್ ಫ್ಯಾನ್ ಪಕ್ಕ ಬೇಡ. ಮೇಲ್ಮಹಡಿಯಲ್ಲೂ ಬಚ್ಚಲು ಇದ್ದರೆ ಅದರ ಪೈಪ್ ಜಾಯಿಂಟ್ ಎಲ್ಲಿದೆ ನೋಡಿ, ಅದರ ಕೆಳಗೂ ಬೇಡ.

ಪಿವಿಸಿ ಪ್ಯಾನೆಲ್‌ಗೆ ತೂತು ಕೊರೆಯುವಾಗ ಅವಸರ ಬೇಡ. ಡಬ್ಬಿಯಲ್ಲಿ ಬರುವ ಕಾಗದದ ಅಚ್ಚನ್ನು ಅಂಟಿಸಿ, ಗೆರೆಯ ಒಳಗಡೆಯಿಂದ ಹೋಲ್‌ಸಾ ಅಥವಾ ಚಿಕ್ಕ ಗರಗಸದಲ್ಲಿ ನಿಧಾನ ಸುತ್ತಿ. ಪ್ಯಾನೆಲ್ ತೆಳು, ಸ್ಪೀಕರಿನ ಹಿಡಿಕೆ ಬಿಗಿದರೆ ಬಾಗುತ್ತದೆ. ಅದಕ್ಕೆ ಮೇಲ್ಗಡೆ ನೀರು ತಡೆಯುವ ಪ್ಲೈವುಡ್‌ನ ಒಂದು ಉಂಗುರ ಇಡಿಸಿ, ಹಿಡಿಕೆ ಅದನ್ನು ಕಚ್ಚಲಿ. ಸ್ಪೀಕರಿಗೊಂದು ಸ್ಟೀಲ್ ತಂತಿ ಕಟ್ಟಿ ಸ್ಲ್ಯಾಬಿನ ಕೊಕ್ಕೆಗೆ ಸಿಕ್ಕಿಸಿ. ಹಿಂದೆ ಮುಚ್ಚಿದ ಬ್ಯಾಕ್‌ಬಾಕ್ಸ್ ಇದ್ದರೆ ಎರಡು ಲಾಭ: ಮೇಲಿನಿಂದ ಹನಿ ಬಿದ್ದರೆ ತಡೆಯುತ್ತದೆ, ಬೆಳಗಿನ ಸುದ್ದಿ ಪಕ್ಕದ ಕೋಣೆಯಲ್ಲಿ ಮಲಗಿದವರ ನಿದ್ದೆ ಕೆಡಿಸುವುದಿಲ್ಲ.

ಫಾಲ್ಸ್ ಸೀಲಿಂಗ್ ಇಲ್ಲದ ಮನೆಯಲ್ಲಿ ಸ್ಲ್ಯಾಬ್ ಕೊರೆಯುವ ಯೋಚನೆಯೇ ಬೇಡ. ಹೊರಾಂಗಣಕ್ಕೆಂದು ಮಾಡಿದ ಚಿಕ್ಕ ಬಾಕ್ಸ್ ಸ್ಪೀಕರನ್ನು ಬಾಗಿಲ ಮೇಲಿನ ಗೋಡೆಗೆ ಹಾಕಿ, ಮುಖ ಸ್ವಲ್ಪ ಕೆಳಗೆ ಬಾಗಿರಲಿ. ಗೋಡೆ ಮೂಲೆಗೆ ಒತ್ತಿ ಕೂರಿಸಬೇಡಿ, ಮೂಲೆ ದಪ್ಪ ಸ್ವರವನ್ನು ಹೆಚ್ಚಿಸುತ್ತದೆ.

ಆಂಪ್ ಇಡುವ ಜಾಗ

ಬಚ್ಚಲ ಮೇಲಿನ ಅಟ್ಟದಲ್ಲಿ ಇಡೋಣ ಅಂತ ಬಹಳ ಜನ ಹೇಳುತ್ತಾರೆ. ನಮ್ಮ ಊರಿಗೆ ಅದು ಹೊಂದುವುದಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಸ್ಲ್ಯಾಬಿನ ಕೆಳಗೆ, ಗಾಳಿಯಾಡದ ಅಟ್ಟದಲ್ಲಿ ಇನ್ನೂ ಜಾಸ್ತಿ. ಎಷ್ಟು ಬಿಸಿಯ ತನಕ ಓಡಬಹುದು ಅಂತ ಆಂಪಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ, ಓದಿ. ಬೆಡ್‌ರೂಮಿನ ವಾರ್ಡ್‌ರೋಬಿನ ಒಂದು ಶೆಲ್ಫ್, ಹಿಂದೆ ಮುಂದೆ ನಾಲ್ಕು ಬೆರಳು ಗಾಳಿ ಜಾಗ, ಇದು ಸರಿಯಾದ ಜಾಗ. ಬಿಸಿ ಕಮ್ಮಿ ಉಗುಳುವ ಕ್ಲಾಸ್ ಡಿ ಆಂಪ್ ತಗೊಳ್ಳಿ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಸ್ಪೀಕರಿನಲ್ಲಿ ಗುರ್ ಅನ್ನುವ ಸದ್ದು ಶುರುವಾದರೆ, ಇನ್ವರ್ಟರ್ ಸೈನ್ ವೇವ್ ಹೌದಾ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದ ಮನೆಯಲ್ಲಿ ಈ ಸದ್ದು ಸಾಮಾನ್ಯ. ಜೆಸ್ಕಾಂ ಲೈನಿನಲ್ಲೇ ಹಮ್ ಬರುತ್ತಿದ್ದರೆ ಕೇಬಲ್ ಟಿವಿಯ ವೈರನ್ನು ಒಮ್ಮೆ ಕಳಚಿ ನೋಡಿ. ಹಮ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ತ್ ಸೇರಿ ಬರುವ ಸದ್ದು, ಆ ವೈರಿಗೆ ಐಸೊಲೇಟರ್ ಹಾಕಿದರೆ ಸರಿಹೋಗುತ್ತದೆ. ಹಮ್ ನಿಲ್ಲಿಸಲು ಅರ್ತ್ ಪಿನ್ ಕತ್ತರಿಸುವ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ.

ಕೊನೆಗೆ ಸೆಟ್ಟಿಂಗ್

ಟಿವಿ ಮೆನುವಿನಲ್ಲಿ ಡಿಜಿಟಲ್ ಆಡಿಯೊ ಔಟ್ ಅನ್ನುವುದನ್ನು ಪಿಸಿಎಂ (ಸಾದಾ ಸ್ಟೀರಿಯೊ ಸೌಂಡ್) ಅನ್ನುವುದಕ್ಕೆ ಇಡಿ. ಸರೌಂಡ್, ಬಾಸ್ ಬೂಸ್ಟ್ ಎಲ್ಲ ಆಫ್. ಕ್ಲಿಯರ್ ವಾಯ್ಸ್ ಅಥವಾ ಡೈಲಾಗ್ ಮೋಡ್ ಇದ್ದರೆ ಆನ್. ನೈಟ್ ಮೋಡ್ ಕೂಡ ಆನ್ ಮಾಡಿ ನೋಡಿ. ಜಾಹೀರಾತು ಕಿರುಚುವುದು, ಮಾತು ಪಿಸುಗುಡುವುದು ಎರಡೂ ಒಂದು ಮಟ್ಟಕ್ಕೆ ಬರುತ್ತವೆ. ಆಂಪ್‌ನಲ್ಲಿ ಹೈಪಾಸ್ (ದಪ್ಪ ಸ್ವರಗಳನ್ನು ತಡೆಯುವ ಸೆಟ್ಟಿಂಗ್) ಇದ್ದರೆ 120 ಹರ್ಟ್ಸ್‌ಗೆ ಹಾಕಿ. ಇಲ್ಲದಿದ್ದರೆ ಬಾಸ್ ಗುಂಡಿಯನ್ನು ಇಳಿಸುತ್ತಾ ಹೋಗಿ, ಗಂಡಸರ ದನಿ ಬಿಡಿಬಿಡಿಯಾಗಿ ಕೇಳುವ ತನಕ. ಟ್ರೆಬಲ್ ಏರಿಸುವುದು ಬೇಡ, ಟೈಲ್ಸ್ ಆಗಲೇ ಅದನ್ನು ಚುರುಕು ಮಾಡಿರುತ್ತದೆ.

ಪರೀಕ್ಷೆಗೆ ಹಾಡು ಹಾಕಬೇಡಿ. ಹಾಡು ಬಚ್ಚಲಲ್ಲಿ ಹೇಗಿದ್ದರೂ ಚಂದವೇ ಕೇಳುತ್ತದೆ. ಚಂದನದ ವಾರ್ತೆ ಹಾಕಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಬಕೆಟ್‌ಗೆ ನಲ್ಲಿ ಬಿಟ್ಟು ನಿಲ್ಲಿ. ಒತ್ತಕ್ಷರಗಳಿಗೆ ಕಿವಿಗೊಡಿ: ಹತ್ತು, ಮುಖ್ಯಮಂತ್ರಿ, ಬೆಳಿಗ್ಗೆ. ಒತ್ತಿಗೆ ಮುಂಚೆ ನಾಲಿಗೆ ಒಂದು ಚೂರು ಹೊತ್ತು ತಡೆಯುತ್ತದಲ್ಲ, ಆ ಸಣ್ಣ ಬಿಡುವನ್ನು ಪ್ರತಿಧ್ವನಿ ತುಂಬಿಬಿಟ್ಟರೆ ಹತ್ತು ಅನ್ನುವುದು ಹತು ಥರ ಕೇಳುತ್ತದೆ. ಹಾಗಾದರೆ ವಾಲ್ಯೂಮ್ ಮುಟ್ಟಬೇಡಿ. ಇನ್ನೊಂದು ಟವೆಲ್ ನೇತುಹಾಕಿ, ಬಾಸ್ ಇನ್ನೊಂದು ಗೆರೆ ಇಳಿಸಿ, ಮತ್ತೆ ಕೇಳಿ. ಮನೆಯ ಹಿರಿಯರನ್ನೂ ಒಮ್ಮೆ ನಿಲ್ಲಿಸಿ ಕೇಳಿಸಿ, ಅವರ ಕಿವಿಗೆ ಒಪ್ಪಿದರೆ ಎಲ್ಲರಿಗೂ ಒಪ್ಪುತ್ತದೆ.

ಬೋರ್ ನೀರು ಬಳಸುವ ಮನೆಯಲ್ಲಿ ಸ್ಪೀಕರ್ ಜಾಲರಿಯ ತೂತುಗಳಿಗೆ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ, ಸೌಂಡ್ ಮಂಕಾಗುತ್ತದೆ. ಟಿವಿ, ಆಂಪ್ ಸ್ವಿಚ್ ಆರಿಸಿ, ಜಾಲರಿಯನ್ನು ಮಾತ್ರ ಬಿಚ್ಚಿ. ಸ್ಟೀಲ್ ಜಾಲರಿಯಾದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಹತ್ತು ನಿಮಿಷ ನೆನೆಸಿ, ಹಳೆಯ ಬ್ರಶ್‌ನಲ್ಲಿ ಉಜ್ಜಿ. ಪೇಂಟ್ ಹಚ್ಚಿದ ಅಲ್ಯೂಮಿನಿಯಂ ಆದರೆ ವಿನೆಗರ್ ಬೇಡ, ಸೋಪಿನ ನೀರು ಸಾಕು. ಪೂರ್ತಿ ಒಣಗಿದ ಮೇಲೆ ಹಾಕಿ. ಕೋನ್ ಮೇಲೆ ಮಾತ್ರ ಯಾವ ನೀರನ್ನೂ ಸಿಂಪಡಿಸಬೇಡಿ. ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಸಾಕು.